ಬೈಯಲು ಬಾರದವನು

ಸಹಿ ಹಾಕುವುದಿಲ್ಲ ಎಂದು ಅವನೇನೂ ಹೇಳಿರಲಿಲ್ಲ. ಯೋಚನೆ ಮಾಡಬೇಕು ಎಂದಿದ್ದ, ಅಷ್ಟೆ. ಅಷ್ಟಕ್ಕೇ ಅಕ್ಕ ಆಸ್ಪತ್ರೆಯ ಬೆಂಚಿನಲ್ಲಿ ಕೂತಲ್ಲಿಂದಲೇ ಅವನನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿದಳು.

"ಯೋಚನೆ ಮಾಡೋದೇನಿದೆ ಇದ್ರಲ್ಲಿ?"

"ಇದೆ."

"ಏನು, ಹೇಳು."

ಏನು ಎಂದು ಹೇಳಬೇಕಾದರೆ ಅವನಿಗೆ ಒಂದು ಗಂಟೆಯಾದರೂ ಬೇಕು. ಕಪ್ಪು ಹಲಗೆಯೊಂದಿದ್ದರೆ ಇನ್ನೂ ಒಳ್ಳೆಯದು. ಇಪ್ಪತ್ತಮೂರು ವರ್ಷದಿಂದ ಕಾಲೇಜಿನಲ್ಲಿ ಅವನು ಪಾಠ ಮಾಡುತ್ತಿರುವುದು ಇದನ್ನೇ. ಮನುಷ್ಯನ ಮೈ ಅವನದು, ದುಡಿಮೆ ಅವನದು, ತಪ್ಪು ಮಾಡುವ ಹಕ್ಕೂ ಅವನದು. ಬೇರೆಯವರಾಗಲಿ ಸರ್ಕಾರವಾಗಲಿ ಅಲ್ಲಿ ಮೂಗು ತೂರಿಸುವಂತಿಲ್ಲ. ಹುಡುಗರು ಅವನಿಗೆ 'ಬಿಡು ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಹಿತವೂ ಆಗಿತ್ತು.

ಡಾಕ್ಟರಮ್ಮ ಮತ್ತೊಮ್ಮೆ ಬಿಡಿಸಿ ಹೇಳಿದಳು. ವಯಸ್ಸಿನಲ್ಲಿ ಅವನ ವಿದ್ಯಾರ್ಥಿನಿಯಂತಿದ್ದಳು, ಮಾತಿನಲ್ಲಿ ಅವನ ಮೇಷ್ಟರಂತೆ. ಅಣ್ಣನ ಬಲಗಾಲಿನ ಹುಣ್ಣು ಈಗ ಹುಣ್ಣಲ್ಲ. ಪಾದ ಕಪ್ಪಾಗಿದೆ, ವಿಷ ಮೇಲೇರುತ್ತಿದೆ. ಮೊಣಕಾಲ ಕೆಳಗೆ ತೆಗೆದರೆ ಜೀವ ಉಳಿಯುತ್ತದೆ. ಅಣ್ಣ ಒಲ್ಲೆ ಎನ್ನುತ್ತಿದ್ದಾನೆ.

"ಜ್ವರ ತಲೆಗೇರಿದೆ. ಒಂದು ಗಳಿಗೆ ಸರಿಯಾಗಿ ಮಾತಾಡ್ತಾರೆ, ಇನ್ನೊಂದು ಗಳಿಗೆ ಇಲ್ಲ. ನಾವಿಬ್ಬರು ಡಾಕ್ಟರು ಬರೆದುಕೊಟ್ಟಿದ್ದೀವಿ. ಮನೆಯವರದ್ದೊಂದು ಸಹಿ ಬೇಕು."

"ಅಕ್ಕ ಇದ್ದಾಳಲ್ಲ."

"ಸೇರಿದ ದಿನ ನಿಮ್ಮಣ್ಣನೇ ನಿಮ್ಮ ಹೆಸರು ಬರೆಸಿದ್ದಾರೆ. ಬೇರೆ ಯಾರದ್ದೂ ನಡೆಯಲ್ಲ."

ಅವನು ಕಾಗದ ಓದಿದ. 'ರೋಗಿಯು ತನ್ನ ಒಳಿತು ಕೆಡುಕನ್ನು ತಿಳಿಯುವ ಸ್ಥಿತಿಯಲ್ಲಿಲ್ಲವೆಂದು ನಾನು ಒಪ್ಪುತ್ತೇನೆ.' ಒಂದೇ ವಾಕ್ಯ. ಇದನ್ನು ಪರೀಕ್ಷೆಗೆ ಕೊಟ್ಟರೆ ಮೂರು ಪುಟ ಬರೆಯುವ ಹುಡುಗರಿದ್ದಾರೆ ಎಂದುಕೊಂಡ. ತಕ್ಷಣ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು.

"ಯಾವಾಗಿನೊಳಗೆ?"

"ಆಪರೇಷನ್ ಥಿಯೇಟರ್ ನಾಲ್ಕಕ್ಕೆ ಸಿಗುತ್ತೆ. ಅದು ತಪ್ಪಿದ್ರೆ ನಾಳೆ ಬೆಳಿಗ್ಗೆ. ಅಷ್ಟೊತ್ತಿಗೆ ಕಾಲು ತೆಗೆದೂ ಪ್ರಯೋಜನ ಇರುತ್ತೋ ಇಲ್ವೋ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಅವನು ವಾರ್ಡಿನೊಳಗೆ ಹೋದ.

ಅಣ್ಣ ಎಚ್ಚರವಾಗಿದ್ದ. ಮೂವತ್ತೈದು ವರ್ಷ ತಕ್ಕಡಿ ರಿಪೇರಿ ಮಾಡಿದ ಕೈಗಳು ಹೊದಿಕೆಯ ಮೇಲೆ ಬಿದ್ದಿದ್ದವು. ಅಂಗಡಿಯಿಂದ ಅಂಗಡಿಗೆ ಚೀಲ ಹೊತ್ತು ನಡೆದು, ಮುಳ್ಳು ಸರಿಮಾಡಿ, ತೂಕದ ಬಟ್ಟು ಒರೆಸಿ, ಸರ್ಕಾರದ ಸೀಲಿಗೆ ತಯಾರು ಮಾಡಿಕೊಡುವುದು ಅವನ ಕೆಲಸ. ಆ ನಡಿಗೆಯಿಂದಲೇ ತಮ್ಮನ ಓದು ಮುಗಿದದ್ದು, ಅಕ್ಕನ ಮದುವೆಯಾದದ್ದು. ತಾನು ಮದುವೆಯಾಗುವುದು ಮಾತ್ರ ಅವನಿಗೆ ಮರೆತೇಹೋಗಿತ್ತು.

"ಬಂದ್ಯಾ. ನೋಡು, ಇವರೆಲ್ಲ ಸೇರಿ ನನ್ನ ಕಾಲಿಗೆ ಗಂಟು ಬಿದ್ದಿದ್ದಾರೆ."

"ಹೇಗಿದೀಯ?"

"ಹೇಗಿರ್ತೀನಿ. ಕೊಡಲ್ಲ ಅಂದಿದೀನಿ."

"ಯೋಚನೆ ಮಾಡಿದ್ಯಾ?"

"ಮಾಡೋದೇನು. ನಡೀದೇ ಇದ್ರೆ ನನ್ನ ಕೆಲ್ಸ ಇಲ್ಲ. ಒಂಟಿ ಕಾಲಿಟ್ಕೊಂಡು ಯಾರ ಮನೇಲಿ ಹೋಗಿ ಕೂತ್ಕೊಳ್ಳಲಿ, ಹೇಳು?"

ಕೇಳಿ, ಅಣ್ಣ ಅವನ ಮುಖವನ್ನೇ ನೋಡುತ್ತ ಮಲಗಿದ. ತಮ್ಮನ ಮನೆಯಲ್ಲಿ ಮೂರು ಕೋಣೆಗಳಿದ್ದವು, ಇರುವವನು ಒಬ್ಬ. ಅದು ನೆನಪಿಗೆ ಬರದೇ ಇರಲಿಲ್ಲ. ಬಂತು, ನಾಲಿಗೆಯ ತುದಿಯವರೆಗೂ ಬಂತು. ಆದರೆ ಈಗ ಹಾಗೆ ಹೇಳಿದರೆ ಆಸೆ ತೋರಿಸಿದ ಹಾಗಾಗುತ್ತದೆ, ಅಣ್ಣನ ತೀರ್ಮಾನದ ಮೇಲೆ ಒತ್ತಡ ತಂದ ಹಾಗಾಗುತ್ತದೆ. ಅಣ್ಣ ಮೊದಲು ತಾನಾಗಿ ತೀರ್ಮಾನಿಸಲಿ. ಮನೆಯ ಮಾತು ಆಮೇಲೆ.

"ನೀನೇನಂತೀಯ?" ಅಣ್ಣ ಕೇಳಿದ.

"ಕಾಲು ನಿಂದು. ನಿನ್ನಿಷ್ಟ. ನೀನು ಏನು ಹೇಳಿದ್ರೂ ನಾನು ಅಡ್ಡ ಬರಲ್ಲ."

ಅಣ್ಣ "ಸರಿ ಹಾಗಾದ್ರೆ" ಎಂದು ಗೋಡೆಯ ಕಡೆ ತಿರುಗಿದ.

ಅಡ್ಡ ಬರುವುದಿಲ್ಲ ಎಂದಾಗ ಸಂತೋಷವಾಗಬೇಕಾದ ಮನುಷ್ಯ ಯಾಕೆ ಹಾಗೆ ತಿರುಗಿದ? ಅವನಿಗೆ ತಿಳಿಯಲಿಲ್ಲ. ಅಥವಾ ತಿಳಿಯಿತು. ಮೂರು ವರ್ಷದ ಹಿಂದೆ ಹೆಂಡತಿ ಎರಡು ಚೀಲ ಕಟ್ಟಿ ಬಾಗಿಲಲ್ಲಿ ನಿಂತು "ಹೋಗಲಾ?" ಎಂದಿದ್ದಳು. ನೀನು ಸ್ವತಂತ್ರಳು, ತಡೆಯಲು ನಾನ್ಯಾರು ಎಂದು ಇವನು ತುಂಬ ಗೌರವದಿಂದ ಹೇಳಿದ್ದ. ಅವಳೂ "ಸರಿ" ಎಂದಿದ್ದಳು. ಚೀಲಗಳನ್ನು ಟ್ಯಾಕ್ಸಿಯವರೆಗೆ ಇವನೇ ಹೊತ್ತ. ಎರಡನೆಯ ಚೀಲ ಹಗುರವಿತ್ತು, ಖಾಲಿ. ಖಾಲಿ ಚೀಲ ಯಾಕೆ ಒಯ್ಯುತ್ತಿದ್ದಾಳೆ ಎಂದು ಕೇಳಬೇಕೆನ್ನಿಸಿತ್ತು. ಅದು ಅವಳ ಖಾಸಗಿ ವಿಷಯ ಎಂದು ಕೇಳಲಿಲ್ಲ.

"ಎಲ್ಲಿಗೆ ಹೊರಟೆ?" ಹೊರಗೆ ಅಕ್ಕ ಕೇಳಿದಳು.

"ಕಾಲೇಜಿಗೆ. ಹನ್ನೊಂದಕ್ಕೆ ಚರ್ಚೆ ಇದೆ. ತಿಂಗಳ ಹಿಂದೆ ಒಪ್ಕೊಂಡಿದ್ದು."

"ಯಾವುದರ ಮೇಲೆ?"

ಅವನು ವಿಷಯ ಹೇಳಲಿಲ್ಲ. "ನಾಲ್ಕರೊಳಗೆ ಬರ್ತೀನಿ" ಎಂದ.

"ಹೋಗು, ಹೋಗಿ ಭಾಷಣ ಮಾಡು. ನಾವಿಲ್ಲಿ ಕೈಕೈ ಹಿಸುಕ್ಕೊಂಡು ಕೂತಿರ್ತೀವಿ." ಅವಳು ಅಳುವುದನ್ನು ನೋಡಬಾರದೆಂದು ಅವನು ಬೇಗಬೇಗ ಮೆಟ್ಟಿಲಿಳಿದ.

ವಿಷಯ ಇದು: 'ಮನುಷ್ಯನನ್ನು ಅವನಿಂದಲೇ ಕಾಪಾಡುವ ಅಧಿಕಾರ ಸರ್ಕಾರಕ್ಕಿಲ್ಲ.'

ಆ ಕಾಲೇಜಿನ ಚರ್ಚೆಗೆ ಒಂದು ಪದ್ಧತಿಯಿತ್ತು. ಅದನ್ನು 'ಅದಲು ಬದಲು' ಎನ್ನುತ್ತಿದ್ದರು. ಇಬ್ಬರು ಮೇಷ್ಟರು, ಎರಡು ಪಕ್ಷ, ತಲಾ ಇಪ್ಪತ್ತು ನಿಮಿಷ. ಆಮೇಲೆ ಜವಾನ ಗಂಟೆ ಬಾರಿಸುತ್ತಾನೆ. ಇಬ್ಬರೂ ತಮ್ಮ ತಮ್ಮ ನೀರಿನ ಲೋಟ ಎತ್ತಿಕೊಂಡು ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗಿ, ಅಲ್ಲಿಯವರೆಗೆ ಬೈದದ್ದನ್ನೆಲ್ಲ ಹೊಗಳಬೇಕು. ಕೊನೆಯಲ್ಲಿ ಹುಡುಗರು ಕೈಯೆತ್ತುವುದು ಪಕ್ಷಕ್ಕಲ್ಲ, ಮಾತಿಗೆ. ಆರು ವರ್ಷದಿಂದ ಗೆಲ್ಲುತ್ತಿದ್ದವನು ಅವನೇ. ಎದುರಾಳಿ ಅರ್ಥಶಾಸ್ತ್ರದ ಮೇಷ್ಟರು, ಎಲ್ಲವನ್ನೂ ಸರ್ಕಾರ ಹಿಡಿತದಲ್ಲಿಟ್ಟುಕೊಳ್ಳಬೇಕು ಎನ್ನುವವರು. ಹುಡುಗರ ಬಾಯಲ್ಲಿ ಅವರು 'ಹಿಡಿ ಮೇಷ್ಟ್ರು'.

ಅವನು ಮೊದಲು ಮಾತಾಡಿದ. ನೆಟ್ಟಗೆ, ಒಂದು ಚೀಟಿಯೂ ಇಲ್ಲದೆ.

"ಮಾರುಕಟ್ಟೆ ಅಂದರೆ ಏನು? ಒಬ್ಬ ಕೊಡುತ್ತೇನೆ ಅನ್ನುತ್ತಾನೆ, ಒಬ್ಬ ಬೇಕು ಅನ್ನುತ್ತಾನೆ. ಆದರೆ ಅದು ನಿಂತಿರುವುದು ಮೂರನೆಯ ಒಂದು ಮಾತಿನ ಮೇಲೆ: ಬೇಡ. ಇಬ್ಬರಿಗೂ ಬೇಡ ಎನ್ನುವ ಸ್ವಾತಂತ್ರ್ಯವಿದೆ. ಆ ಮಾತನ್ನು ಕಿತ್ತುಕೊಂಡರೆ ಅದು ವ್ಯಾಪಾರವಲ್ಲ, ಸುಲಿಗೆ. ನಿಮ್ಮ ಒಳ್ಳೆಯದಕ್ಕೇ ಸುಲಿಯುತ್ತಿದ್ದೇವೆ ಎನ್ನುವವನು ಬರೀ ಕಳ್ಳನಿಗಿಂತ ಅಪಾಯ. ಕಳ್ಳನಿಗಾದರೂ ಸುಸ್ತಾಗುತ್ತದೆ."

ಹುಡುಗರು ನಕ್ಕರು. ನಗುತ್ತಾರೆಂದು ಅವನಿಗೆ ಗೊತ್ತಿತ್ತು, ಅದಕ್ಕೆ ಜಾಗ ಬಿಟ್ಟಿದ್ದ.

ಹಿಡಿ ಮೇಷ್ಟ್ರು ಎದ್ದರು. "ಹಸಿದವನು ಹೂಂ ಅಂದರೆ ಅದು ಹೊಟ್ಟೆಯ ಮಾತು, ಅವನ ಮಾತಲ್ಲ. ನೋವಿನಲ್ಲಿರುವವನು ಬೇಡ ಅಂದರೂ ಹಾಗೇ. ಮಾತನ್ನು ಕೇಳಿದ ಮೇಲೆ, ಆಡಿದವನು ಯಾವ ಸ್ಥಿತಿಯಲ್ಲಿದ್ದಾನೆ ಅಂತ ನೋಡುವವರು ಒಬ್ಬರು ಬೇಡವೇ? ಆ ಒಬ್ಬರಿಗೆ ನಾನು ಸರ್ಕಾರ ಅನ್ನುತ್ತೇನೆ." ಅವರು ಮೇಜು ಗುದ್ದಿದರು. ಜೇಬಿನಲ್ಲಿದ್ದ ಕಾಗದ ಅವನ ಎದೆಗೆ ಒತ್ತಿತು.

ಗಂಟೆ ಹೊಡೆಯಿತು. ಅವನು ಲೋಟ ಎತ್ತಿಕೊಂಡು ಆಚೆಯ ಜಾಗಕ್ಕೆ ಹೋದ.

ಈ ಸಲ ಶುರುಮಾಡಲು ಅವನಿಗೆ ಕಷ್ಟವಾಯಿತು. ಸಿದ್ಧಮಾಡಿಕೊಂಡಿದ್ದ ಮೊದಲ ವಾಕ್ಯ ಬಾಯಿಗೆ ಬರಲಿಲ್ಲ. ಬೇರೇನೋ ಬಂತು.

"ನನಗೆ ಗೊತ್ತಿರುವ ತಕ್ಕಡಿ ರಿಪೇರಿಯವರೊಬ್ಬರು ಇದ್ದಾರೆ. ಪ್ರತಿ ತಕ್ಕಡಿಗೂ ವರ್ಷಕ್ಕೊಂದು ಸಲ ಸರ್ಕಾರ ಸೀಲು ಹಾಕುತ್ತದೆ. ಅದು ಯಾಕೆ ಬೇಕು, ಅಂಗಡಿಯವನ ಮರ್ಯಾದೆ ಸಾಲದೇ ಅಂತ ನಾನು ಹುಡುಗನಾಗಿದ್ದಾಗ ಅವರನ್ನು ಕೇಳಿದ್ದೆ. ಅವರು ಹೇಳಿದರು, ಸೀಲಿಲ್ಲದ ಕಡೆ ಯಾರೂ ಸ್ವತಂತ್ರರಲ್ಲ ಕಣೋ, ಎಲ್ಲರೂ ಬರೀ ಅನುಮಾನದವರು. ನನ್ನ ಮೇಲೂ ಒಬ್ಬ ಕಣ್ಣಿಟ್ಟಿದ್ದಾನೆ ಅಂದರೆ ನನಗೆ ರಾತ್ರಿ ನಿದ್ದೆ ಬರುತ್ತೆ."

ಅವನು ಹುಡುಗರ ಕಡೆ ಒಂದು ಹೆಜ್ಜೆ ಮುಂದೆ ಬಂದ.

"ನಾವು ಬೇಡ ಅನ್ನುವ ಮಾತನ್ನು ತುಂಬ ನಂಬಿಬಿಟ್ಟಿದ್ದೇವೆ. ಬೇಡ ಅನ್ನುವವನು ಕೆಲವು ಸಲ ನಮ್ಮನ್ನೇ ತೂಗಿ ನೋಡುತ್ತಿರುತ್ತಾನೆ. ನಾನು ಬೇಡ ಅಂದರೆ ಇವನು ಎಷ್ಟು ದೂರ ಬರುತ್ತಾನೆ, ಎಲ್ಲಿಯವರೆಗೆ ಜಗಳವಾಡುತ್ತಾನೆ ಅಂತ. ಅಂಥವನಿಗೆ ನಿನ್ನಿಷ್ಟ ಅನ್ನುವುದು, ಬಾವಿಗೆ ಬಿದ್ದವನಿಗೆ ಮೇಲಿನಿಂದ ನಮಸ್ಕಾರ ಹೇಳಿದ ಹಾಗೆ. ತುಂಬ ಮರ್ಯಾದೆ. ಅಷ್ಟರಲ್ಲಿ ಅವನು ಮುಳುಗಿರುತ್ತಾನೆ."

ಇದು ತಾನು ಆಡುತ್ತಿರುವ ಮಾತೇ ಎಂದು ಅವನಿಗೇ ಆಶ್ಚರ್ಯ. ಇದನ್ನು ಮುಗಿಸಿ ನೇರ ಆಸ್ಪತ್ರೆಗೆ ಹೋಗುತ್ತೇನೆ, ಸಹಿ ಹಾಕುತ್ತೇನೆ, ಅಣ್ಣನನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ. ಕಿಟಕಿಯಿರುವ ಕೋಣೆ ಅವನಿಗೆ. ಬದುಕಿನಲ್ಲಿ ಮೊದಲ ಸಲ ಅವನಿಗೆ ಒಂದು ವಿಷಯ ಖಚಿತವಾಗಿತ್ತು. ಮುಂದಿನ ಸಾಲಿನಲ್ಲಿ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು.

ಆಮೇಲೆ ಚಪ್ಪಾಳೆ ಬಂತು. ನಿಲ್ಲದ ಚಪ್ಪಾಳೆ. ಎದ್ದು ನಿಂತರು, ಬೆಂಚು ಬಡಿದರು, ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಆ ಸದ್ದು ಹತ್ತಿರ ಬಂದಷ್ಟೂ ಒಳಗಿದ್ದದ್ದು ದೂರ ಹೋಯಿತು. ಕೈಯೆತ್ತಿಸಿ ಎಣಿಸುವಷ್ಟರಲ್ಲಿ ಅದು ಒಳ್ಳೆಯ ಭಾಷಣವಾಗಿಬಿಟ್ಟಿತ್ತು. ಏಳನೆಯ ಸಲ ಗೆದ್ದ. ನೀರು ಕುಡಿಯುತ್ತ, 'ಬಾವಿ' ಎಂಬಲ್ಲಿ ಇನ್ನೂ ಸ್ವಲ್ಪ ತಡೆದು ಹೇಳಬೇಕಿತ್ತು ಎಂದುಕೊಂಡ. ಹಾಗೆ ಅಂದುಕೊಂಡದ್ದು ಗೊತ್ತಾಗಿ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟ.

ಸ್ಟಾಫ್ ರೂಮಿನಲ್ಲಿ ಹಿಡಿ ಮೇಷ್ಟ್ರು ಚಹಾ ತರಿಸಿದರು. "ನನ್ನ ಪಕ್ಷವನ್ನ ನನಗಿಂತ ಚೆನ್ನಾಗಿ ಮಾತಾಡ್ತೀರಲ್ಲ ಮಾರಾಯರೇ. ನಾಳೆಯಿಂದ ಅದನ್ನೂ ನೀವೇ ಇಟ್ಕೊಳ್ಳಿ."

ಅವನು ಜೇಬಿನಿಂದ ಕಾಗದ ತೆಗೆದು ಬಿಚ್ಚಿ ಅವರ ಮುಂದಿಟ್ಟ. ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿದ. ಹಿಡಿ ಮೇಷ್ಟ್ರು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು.

"ಅಯ್ಯೋ. ಬೆಳಿಗ್ಗೆನೇ ಹೇಳಬಾರದಾ?"

"ಏನು ಮಾಡಲಿ?"

"ಅಲ್ಲ... ಇದು ನಿಮ್ಮ ಮನೆ ವಿಷಯ."

"ನೋವಿನಲ್ಲಿರೋನು ಬೇಡ ಅಂದ್ರೆ ಅದು ಅವನ ಮಾತಲ್ಲ ಅಂದ್ರಲ್ಲ. ನೋಡೋರು ಒಬ್ಬರು ಬೇಕು ಅಂದ್ರಿ."

"ಸರ್ಕಾರ ನೋಡಬೇಕು ಅಂದೆ. ನಾನು ಅಂದ್ನಾ?" ಅವರು ಚಹಾದ ಕಪ್ಪನ್ನು ಒಂದು ಸುತ್ತು ತಿರುಗಿಸಿದರು. "ನೀವು ಹಾಕಿ ಅಂತೀನಿ, ನಾಳೆ ಅಣ್ಣನಿಗೆ ಏನಾದ್ರೂ ಆದ್ರೆ? ಬೇಡ ಅಂತೀನಿ, ಆಗಲೂ ಏನಾದ್ರೂ ಆದ್ರೆ? ನನ್ನ ಮೇಲೆ ಯಾಕೆ ಹಾಕ್ತೀರಿ. ನೀವು ತಿಳಿದವರು, ನಿಮಗೆ ಯಾವುದು ಸರಿ ಅನ್ನಿಸುತ್ತೋ..."

ಇಬ್ಬರೂ ಚಹಾ ಕುಡಿದರು. ಪಕ್ಷ ಯಾವುದಾದರೇನು, ಕೈತೊಳೆದುಕೊಳ್ಳುವುದಕ್ಕೆ ನೀರು ಒಂದೇ ನಲ್ಲಿಯದು ಎಂದು ಅವನಿಗೆ ಅನ್ನಿಸಿತು. ಕೋಪ ಬರಲಿಲ್ಲ. ಹಿಡಿ ಮೇಷ್ಟರ ಮುಖದಲ್ಲಿ ತನ್ನ ಮುಖವನ್ನೇ ಕಂಡು ಅವನಿಗೆ ಅಳು ಬಂದಂತಾಯಿತು.

ಎರಡು ಗಂಟೆಗೆ ಅಕ್ಕನ ಫೋನು.

"ಎಲ್ಲಿದೀಯ?"

"ಹೊರಟೆ."

"ಕೇಳು. ಒಂದು ವಿಷಯ ಹೇಳ್ತೀನಿ, ತರ್ಕ ಮಾಡಬೇಡ. ಅಣ್ಣ ಹೇಳಬೇಡ ಅಂದಿದ್ದ, ಆದ್ರೂ ಹೇಳ್ತೀನಿ. ನಿನ್ನೆ ಸಾಯಂಕಾಲ ನಾನು ಅತ್ತೂ ಕರೆದೂ ಕೇಳಿದೆ. ಏನಂದ ಗೊತ್ತಾ? ಅವನು ಬಂದು ಒಂದ್ಸಲ ಬೈದ್ರೆ ಮಾಡಿಸ್ಕೋತೀನಿ ಅಂದ."

"ಯಾರು ಬೈದ್ರೆ?"

"ನೀನು ಕಣೋ! ಇನ್ಯಾರು? ಹುಟ್ಟಿದಾಗಿಂದ ಒಂದ್ಸಲನೂ ನನ್ನ ಬೈದಿಲ್ಲ, ಕೇಳಿದ್ದಕ್ಕೆಲ್ಲ ನಿನ್ನಿಷ್ಟ ನಿನ್ನಿಷ್ಟ ಅಂತಾನೆ, ನಾನು ಅವನಿಗೆ ಬೇಕೋ ಬೇಡವೋ ಅಂತ್ಲೇ ಗೊತ್ತಾಗಲ್ಲ ಅಂದ. ಬೆಳಿಗ್ಗೆ ನೀನು ಒಳಗೆ ಹೋದಾಗ ಆಸೆ ಇಟ್ಕೊಂಡಿದ್ದ. ನೀನು ಹೋದ ಮೇಲೆ ಒಂದು ತೊಟ್ಟು ನೀರೂ ಕುಡೀಲಿಲ್ಲ. ಬಂದು ಬೈದುಬಿಡೋ. ಬಾಯಿಗೆ ಬಂದ ಹಾಗೆ ಬೈ. ಸಹಿನೂ ಬೇಡ, ಅವನೇ ಹೂಂ ಅಂತಾನೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಅಭ್ಯಾಸ ಮಾಡಿದ. ಇದೇನು ಮಹಾ. ನಲವತ್ತು ನಿಮಿಷ ಎರಡು ಪಕ್ಷಕ್ಕೂ ಮಾತಾಡಿದವನಿಗೆ ಒಂದು ಬೈಗುಳ ಬರುವುದಿಲ್ಲವೇ? ಮೂರ್ಖ. ಬೇಡ, ಅದು ಪುಸ್ತಕದ್ದಾಯಿತು. ಏಯ್ ಅಣ್ಣ. ಏಯ್ ಮತ್ತು ಅಣ್ಣ ಒಟ್ಟಿಗೆ ಹೋಗುತ್ತವೆಯೇ? ಹೆಂಡತಿಗೆ ಬೈದಿರಲಿಲ್ಲ, ಹುಡುಗರಿಗೆ ಬೈದಿರಲಿಲ್ಲ, ದಿನಾ ಹಾಲಿಗೆ ನೀರು ಸೇರಿಸುವವನಿಗೂ ಬೈದಿರಲಿಲ್ಲ. ಅವನು ಅದನ್ನು ತನ್ನ ಸಭ್ಯತೆ ಎಂದುಕೊಂಡಿದ್ದ.

"ಸುಮ್ನಿರು ಸಾಕು! ಬುದ್ಧಿ ಇದೆಯಾ ನಿನಗೆ? ಕಾಲು ತೆಗೀಲಿ!" ಎಂದ, ಸ್ವಲ್ಪ ಜೋರಾಗಿಯೇ.

ಪಕ್ಕದಲ್ಲಿದ್ದ ಮುದುಕ ಬೆಚ್ಚಿ ಚಾಚಿದ್ದ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡ. "ಜಾಗ ಇಲ್ಲ ಅಂತ ಚಾಚಿದ್ದೆ ಸ್ವಾಮಿ" ಎಂದ.

"ನಿಮಗಲ್ಲ. ಕ್ಷಮಿಸಿ. ನೀವು ಆರಾಮಾಗಿ ಚಾಚಿ, ನಿಮ್ಮಿಷ್ಟ" ಎಂದು ಅವನು ಕೈಮುಗಿದ. ಮುದುಕ ಮುಂದಿನ ಸ್ಟಾಪಿನಲ್ಲಿ ಎದ್ದು ಬೇರೆ ಸೀಟಿಗೆ ಹೋದ.

ಮೂರೂವರೆಗೆ ವಾರ್ಡು ತಲುಪಿದ. ಅಕ್ಕ ಹಾಸಿಗೆಯ ಪಕ್ಕದಿಂದ ಎದ್ದು, ಹೋಗು ಎಂದು ಕಣ್ಣಲ್ಲೇ ಹೇಳಿ ಹೊರಗೆ ನಡೆದಳು. ಅಣ್ಣನ ತುಟಿ ಒಡೆದಿತ್ತು, ಉಸಿರು ಗಿಡ್ಡವಾಗಿತ್ತು. ಮೊದಲು ಯಾರದೋ ಅಂಗಡಿಯ ಹೆಸರು ಹೇಳಿದ, ಬಟ್ಟು ಕಳೆದಿದೆ ಎಂದ. ಆಮೇಲೆ ಕಣ್ಣು ಅವನ ಮೇಲೆ ನಿಂತಿತು.

"ಬಂದ್ಯಾ."

"ಬಂದೆ."

ಅಣ್ಣ ಕಾದ. ಕಾಯುತ್ತಿದ್ದಾನೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ಹುಬ್ಬು ಸ್ವಲ್ಪ ಮೇಲಕ್ಕೆ ಹೋಗಿತ್ತು. ತಮ್ಮನೊಳಗೆ ಮಾತು ಗುಡ್ಡೆಯಾಗಿ ಬಿದ್ದಿತ್ತು. ಅಣ್ಣಾ, ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ? ಸತ್ತುಗಿತ್ತು ಹೋದರೆ ನೋಡು ಮತ್ತೆ. ನಡಿ, ಮುಚ್ಕೊಂಡು ಮಾಡಿಸ್ಕೋ, ಆಮೇಲೆ ನನ್ನ ಮನೇಲಿ ಬಿದ್ದಿರು. ಎಲ್ಲವೂ ಇತ್ತು. ಒಂದೊಂದೂ ನಿಜವಾಗಿತ್ತು. ಬಾಯಿ ತೆರೆದ.

"ಅಣ್ಣ... ನಿನಗೆ ಬೇಜಾರಿಲ್ಲ ಅಂದ್ರೆ... ಸ್ವಲ್ಪ ಬೈಯಲಾ?"

ಅಣ್ಣನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ನಗು ಬಂತು. ನೋವಿನ ನಡುವೆಯೂ ಹೊಟ್ಟೆ ಕುಣಿಯುವ ನಗು, ಚಿಕ್ಕಂದಿನಲ್ಲಿ ಇವನು ಚಡ್ಡಿ ತಿರುಗಾಮುರುಗಾ ಹಾಕಿಕೊಂಡು ಬಂದಾಗ ನಗುತ್ತಿದ್ದ ಹಾಗೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನಗು ನಿಂತಮೇಲೂ ನೀರು ನಿಲ್ಲಲಿಲ್ಲ.

"ಅದನ್ನೂ ಕೇಳ್ತೀಯಲ್ಲೋ" ಎಂದ. "ಹೋಗು ಮರಿ. ಊಟ ಮಾಡಿದ್ಯಾ? ಹೋಗಿ ಏನಾದ್ರೂ ತಿನ್ನು."

ಆಮೇಲೆ ಕಣ್ಣು ಮುಚ್ಚಿದ. ಮತ್ತೆ ಕರೆದರೆ ಓಗೊಡಲಿಲ್ಲ.

ಡಾಕ್ಟರಮ್ಮ ಪೆನ್ನು ಹಿಡಿದು ನಿಂತಿದ್ದಳು. "ಸರ್, ಈಗ ನೀವು ಸಹಿ ಹಾಕಿದ್ರೂ ಸಾಕು. ಇನ್ನು ಇಪ್ಪತ್ತು ನಿಮಿಷ. ಆಮೇಲೆ ಥಿಯೇಟರ್ ಬೇರೆಯವರಿಗೆ ಹೋಗುತ್ತೆ."

ಅವನು ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಪೆನ್ನು ಇಟ್ಟ. 'ಒಳಿತು ಕೆಡುಕನ್ನು ತಿಳಿಯುವ ಸ್ಥಿತಿಯಲ್ಲಿಲ್ಲ.' ಈಗಷ್ಟೇ ಅಣ್ಣ ನಕ್ಕನಲ್ಲ. ಈ ಆಸ್ಪತ್ರೆಯಲ್ಲಿ ಅಷ್ಟು ಸರಿಯಾಗಿ ನಕ್ಕವರು ಇನ್ಯಾರೂ ಇಲ್ಲ. ಊಟ ಮಾಡಿದ್ಯಾ ಎಂದು ಕೇಳಿದವನಿಗೆ ತಿಳಿವಳಿಕೆ ಇಲ್ಲ ಎಂದು ಹೇಗೆ ಬರೆಯುವುದು? ಅದು ಸುಳ್ಳಾಗುತ್ತದೆ. ಸುಳ್ಳಾದರೇನು ಎಂದು ಇನ್ನೊಂದು ಪಕ್ಷ ಕೇಳಿತು. ಎರಡೂ ಪಕ್ಷಗಳು ಎದ್ದು ನಿಂತು ತುಂಬ ಚೆನ್ನಾಗಿ ಮಾತಾಡತೊಡಗಿದವು. ಪೆನ್ನಿನ ತುದಿಯಲ್ಲಿ ಒಂದು ಚುಕ್ಕೆ ದೊಡ್ಡದಾಗುತ್ತ ಹೋಯಿತು.

"ಐದು ನಿಮಿಷ" ಎಂದು ಕಾಗದ, ಪೆನ್ನು ಎರಡನ್ನೂ ಅಕ್ಕನ ಕೈಗೆ ಕೊಟ್ಟು ಅವನು ಗಾಳಿಗೆಂದು ಹೊರಗೆ ಬಂದ.

ಹೊರಗೆ ಬಿಸಿಲಿತ್ತು. ಜನ ಹಣ್ಣು ಕೊಳ್ಳುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು. ನಾಲ್ಕು ಹೆಜ್ಜೆ ಹೋದವನು ಅಲ್ಲಿಂದಲೇ ಹಿಂದಿರುಗಿದ. ಸಹಿ ಹಾಕುತ್ತೇನೆ ಎಂದುಕೊಂಡ. ಆಸ್ಪತ್ರೆಯ ಬಾಗಿಲು ದಪ್ಪ ಗಾಜಿನದು, ಯಾರಾದರೂ ಎದುರು ನಿಂತರೆ ತಾನಾಗಿ ತೆರೆದುಕೊಳ್ಳುವಂಥದ್ದು. ಅವನು ಬಂದ. ಬಾಗಿಲು ತೆರೆಯಿತು.

ಅವನು ಹೊಸ್ತಿಲ ಈಚೆಯೇ ನಿಂತ. ಒಳಗಿನ ಕಾರಿಡಾರಿನ ತುದಿಯಿಂದ ಅಕ್ಕ ಓಡುತ್ತ ಬರುತ್ತಿದ್ದಳು, ಕೈಯಲ್ಲಿ ಕಾಗದ. "ಬಾರೋ, ಇನ್ನೂ ಹತ್ತು ನಿಮಿಷ ಇದೆ, ಅವನು ನಿನ್ನನ್ನ" ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ಅವಳ ಬಾಯಿ ಮಾತ್ರ ಆಡುತ್ತಿತ್ತು. ಅವನು ಒಂದು ಕಾಲು ಎತ್ತಿದ, ಅಲ್ಲೇ ಇಟ್ಟ. ಬಾಗಿಲು ತೆರೆಯಿತು. "ಕೇಳಿಸ್ತಿಲ್ವಾ ನಿನಗೆ" ಎಂಬುದು ಕೇಳಿಸಿತು. ಮುಚ್ಚಿತು.

ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ಅವನನ್ನೇ ನೋಡುತ್ತಿದ್ದ.

"ಸಾರ್, ಒಳಗೋ, ಹೊರಗೋ?"

"ಒಂದು ನಿಮಿಷ."

"ಹಾಗೆ ಮಧ್ಯ ನಿಲ್ಲಬೇಡಿ ಸಾರ್. ಅದಕ್ಕೆ ಗೊತ್ತಾಗಲ್ಲ. ಯಾರೋ ಬಂದ್ರು, ಬಂದ್ರು ಅಂತ ತೆಕ್ಕೊಳ್ತಾನೇ ಇರುತ್ತೆ."

ಬಾಗಿಲು ಮತ್ತೆ ತೆರೆಯಿತು. ಸ್ವಲ್ಪ ಹೊತ್ತು ಕಾಯಿತು. ಮುಚ್ಚಿಕೊಂಡಿತು.